ಸಜೀವ–ನಿರ್ಜೀವ ಕಾರ್ಡ್ ಪೆಟ್ಟಿಗೆ: ಚಿತ್ರಗಳು ಚೆನ್ನ, ಉತ್ತರ ಪಟ್ಟಿ ಮಾತ್ರ ಎತ್ತಿಡಿ

ಜೀವ ಇರುವುದು ಯಾವುದು, ಜೀವ ಇಲ್ಲದ್ದು ಯಾವುದು ಅಂತ ಚಿಕ್ಕ ಮಕ್ಕಳಿಗೆ ಕಲಿಸುವ ಕಾರ್ಡ್ ಪೆಟ್ಟಿಗೆಗಳು ಈಗ ಎಲ್ಲ ಕಡೆ ಸಿಗುತ್ತವೆ. ನಾನು ಕೊಂಡದ್ದು ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ, 650 ರೂಪಾಯಿಗೆ. ಕಂಪನಿಯ ಹೆಸರು ಹೇಳುವುದಿಲ್ಲ. ಇದರಲ್ಲಿರುವ ತಪ್ಪುಗಳು ಈ ಒಂದು ಪೆಟ್ಟಿಗೆಯವು ಮಾತ್ರ ಅಲ್ಲ, ಗೋಡೆಗೆ ಅಂಟಿಸುವ ಎಷ್ಟೋ ಚಾರ್ಟುಗಳಲ್ಲೂ ಇವೇ ಇವೆ. ಸಂಜೆ ನಮ್ಮ ಮನೆಗೆ ಪಾಠಕ್ಕೆ ಬರುವ ಎರಡರಿಂದ ಐದನೇ ಕ್ಲಾಸಿನ ಮಕ್ಕಳ ಜೊತೆ ಇದನ್ನು ಚೆನ್ನಾಗಿ ಬಳಸಿ ನೋಡಿದ್ದೇನೆ. ಕೊಳ್ಳಬಹುದಾ ಅಂದರೆ, ಖಂಡಿತ ಕೊಳ್ಳಬಹುದು. ಆದರೆ ಒಳಗಿರುವ ಉತ್ತರ ಪಟ್ಟಿಯನ್ನು ಮಕ್ಕಳ ಕೈಗೆ ಕೊಡಬೇಡಿ. ಯಾಕೆ ಅಂತ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಮೊದಲು ಒಳಗೆ ಏನಿದೆ ಅಂತ ಹೇಳಿಬಿಡುತ್ತೇನೆ. 60 ಫೋಟೋ ಕಾರ್ಡು. ‘ಸಜೀವ’, ‘ನಿರ್ಜೀವ’ ಅಂತ ಬರೆದ ಎರಡು ಹಾಸು. ಪ್ಲಾಸ್ಟಿಕ್ಕಿನ ಒಂದು ಭೂತಗನ್ನಡಿ. ಒಂದು ಪೊಟ್ಟಣ ಹೆಸರುಕಾಳು, ಒಂದು ಪೊಟ್ಟಣ ಒಣ ಯೀಸ್ಟ್, ಎರಡು ಬಲೂನು. ಎಂಟು ಪುಟದ ಕೈಪಿಡಿ, ಅದರ ಹಿಂದೆ ಉತ್ತರ ಪಟ್ಟಿ. ಕಾರ್ಡುಗಳು ದಪ್ಪಗಿವೆ, ಒದ್ದೆ ಬಟ್ಟೆಯಲ್ಲಿ ಒರೆಸಬಹುದು, ಮೂಲೆಗಳು ಮಡಚಿಕೊಳ್ಳುವುದಿಲ್ಲ. ಅಕ್ಷರ ದೊಡ್ಡದು, ಕನ್ನಡ ಚೊಕ್ಕವಾಗಿದೆ. ನನಗೆ ತುಂಬ ಇಷ್ಟವಾದದ್ದು ಫೋಟೋಗಳು. ಹೊರದೇಶದ ಸೇಬು, ಅಳಿಲು, ಹಿಮದ ಗೊಂಬೆ ತಂದು ತುಂಬಿಲ್ಲ. ಹುತ್ತ ಇದೆ, ಬೀಸುವ ಕಲ್ಲು ಇದೆ, ಸೀತಾಫಲ ಇದೆ, ಓತಿಕ್ಯಾತ ಇದೆ, ಗುಬ್ಬಿ ಗೂಡಿದೆ. ನಮ್ಮ ಮಕ್ಕಳು ನೋಡಿರುವ ವಸ್ತುಗಳನ್ನೇ ಹುಡುಕಿ ಫೋಟೋ ತೆಗೆದಿದ್ದಾರೆ. ಈ ಕೆಲಸಕ್ಕೆ ಪೂರ್ತಿ ಅಂಕ.

ಇನ್ನು ಆಟ. ಒಂದೊಂದೇ ಕಾರ್ಡು ತೆಗೆದು, ನೋಡಿ, ಸರಿಯಾದ ಹಾಸಿನ ಮೇಲೆ ಇಡಬೇಕು. ಗಡಿಯಾರ ಇಟ್ಟುಕೊಂಡು ಬೇಗ ಮುಗಿಸಿದವರಿಗೆ ಅಂಕ ಅಂತ ಕೈಪಿಡಿ ಹೇಳುತ್ತದೆ. ನನ್ನ ದೊಡ್ಡ ತಕರಾರು ಇಲ್ಲೇ ಇದೆ. ಜೀವ ಇದೆಯೋ ಇಲ್ಲವೋ ಅನ್ನುವುದು ಒಂದು ನೋಟಕ್ಕೆ ತಿಳಿಯುವ ವಿಷಯ ಅಲ್ಲ. ಅದು ಕಾದು ನೋಡಿ ತಿಳಿಯುವ ವಿಷಯ. ಹಸು ಮತ್ತು ಇಟ್ಟಿಗೆ ಆದರೆ ಒಂದು ನೋಟ ಸಾಕು, ಅದಕ್ಕೆ ಕಾರ್ಡೇ ಬೇಡ, ಮೂರು ವರ್ಷದ ಮಗುವೂ ಹೇಳುತ್ತದೆ. ಕಲಿಯಬೇಕಾದ್ದು ಇರುವುದು ನಡುವೆ ಸಿಕ್ಕಿಕೊಳ್ಳುವ ವಸ್ತುಗಳಲ್ಲಿ. ಬೀಜ, ಮೊಟ್ಟೆ, ಯೀಸ್ಟ್, ಹವಳ, ದೀಪದ ಜ್ವಾಲೆ, ಸೌದೆ. ಇವುಗಳ ಕಾರ್ಡು ಪೆಟ್ಟಿಗೆಯಲ್ಲಿ ಇವೆ, ಅದೇ ಸಂತೋಷ. ಆದರೆ ಅವುಗಳ ಮುಂದೆ ನಿಂತು ಯೋಚಿಸಲು ಆಟ ಸಮಯವನ್ನೇ ಕೊಡುವುದಿಲ್ಲ.

ಉತ್ತರ ಪಟ್ಟಿಗೆ ಬರೋಣ. ‘ಬೀಜ: ನಿರ್ಜೀವ’ ಅಂತ ಅಚ್ಚು ಮಾಡಿದ್ದಾರೆ. ಇದು ಸುಮ್ಮನೆ ಬಿಡುವ ತಪ್ಪಲ್ಲ. ಅದೇ ಪೆಟ್ಟಿಗೆಯಲ್ಲಿ ಹೆಸರುಕಾಳಿನ ಪೊಟ್ಟಣ ಇಟ್ಟಿದ್ದಾರೆ, ಅದನ್ನು ನೆನೆಸಿ ಮೊಳಕೆ ಬರಿಸಿ ಅಂತಲೂ ಹೇಳಿದ್ದಾರೆ. ಸತ್ತ ವಸ್ತುವಿನಿಂದ ಮೊಳಕೆ ಹೇಗೆ ಬರುತ್ತದೆ? ಮೂರನೇ ಕ್ಲಾಸಿನ ಹುಡುಗಿಯೊಬ್ಬಳು ನನ್ನನ್ನು ಇದನ್ನೇ ಕೇಳಿದಳು: ‘ಮಿಸ್, ನೀರು ಹಾಕಿದ್ರೆ ಜೀವ ಬರತ್ತಾ? ಹಾಗಾದ್ರೆ ಕಲ್ಲಿಗೆ ನೀರು ಹಾಕಿದ್ರೆ ಯಾಕೆ ಬರಲ್ಲ?’ ಎಷ್ಟು ಒಳ್ಳೆಯ ಪ್ರಶ್ನೆ ಅಲ್ವಾ. ಬೀಜದೊಳಗೆ ಒಂದು ಪುಟ್ಟ ಸಸಿ ಆಗಲೇ ಇರುತ್ತದೆ, ಅದಕ್ಕೆ ಬೇಕಾದ ಬುತ್ತಿಯೂ ಇರುತ್ತದೆ. ನೀರು ಅದಕ್ಕೆ ಜೀವ ಕೊಡುವುದಿಲ್ಲ, ಇದ್ದ ಜೀವವನ್ನು ಎಬ್ಬಿಸುತ್ತದೆ. ಅಲ್ಲಿಯವರೆಗೆ ಅದು ತುಂಬಾ ನಿಧಾನವಾಗಿ, ಬದುಕಿಗೆ ಸಾಕಾಗುವಷ್ಟೇ ಉಸಿರಾಡಿಕೊಂಡು ಇರುತ್ತದೆ.

ಬೀಜ ಉಸಿರಾಡುತ್ತದೆ ಅನ್ನುವುದನ್ನು ನಂಬಲು ನಮ್ಮ ಕಡೆಯ ಹಳೆಯ ರೈತರಿಗೆ ಕೈಪಿಡಿ ಬೇಕಿರಲಿಲ್ಲ. ಬಯಲುಸೀಮೆಯಲ್ಲಿ ರಾಗಿ, ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿಡುತ್ತಿದ್ದರು. ಹಗೇವಿನ ಬಾಯಿ ತೆಗೆದ ಕೂಡಲೇ ಯಾರೂ ಒಳಗೆ ಇಳಿಯುತ್ತಿರಲಿಲ್ಲ. ಮುಚ್ಚಿದ ಹಳ್ಳದಲ್ಲಿ ಕಾಳು, ಅದರ ಜೊತೆ ಸೇರಿಕೊಂಡ ಹುಳ, ಬೂಷ್ಟು ಎಲ್ಲವೂ ಉಸಿರಾಡಿ ಆಮ್ಲಜನಕ ಕಡಿಮೆಯಾಗಿರುತ್ತದೆ, ಇಂಗಾಲದ ಡೈಆಕ್ಸೈಡ್ ತುಂಬಿರುತ್ತದೆ. ಇಳಿದವರ ಉಸಿರು ಕಟ್ಟುತ್ತದೆ. ಗಾಳಿ ಆಡಲು ಬಿಟ್ಟು, ಆಮೇಲೆ ಇಳಿಯಬೇಕು. ಈ ಒಂದು ವಿಷಯ ಕೈಪಿಡಿಯಲ್ಲಿ ಇದ್ದಿದ್ದರೆ ‘ಬೀಜ: ನಿರ್ಜೀವ’ ಅಂತ ಬರೆಯಲು ಯಾರಿಗೂ ಮನಸ್ಸು ಬರುತ್ತಿರಲಿಲ್ಲ.

ಎಷ್ಟು ಕಾಲ ಹಾಗೆ ಕಾಯಬಹುದು ಅಂತ ಮಕ್ಕಳು ಕೇಳೇ ಕೇಳುತ್ತಾರೆ. ಇಸ್ರೇಲಿನ ಮಸಾಡ ಅನ್ನುವ ಹಳೆಯ ಕೋಟೆಯನ್ನು 1960ರ ದಶಕದಲ್ಲಿ ಅಗೆದಾಗ ಖರ್ಜೂರದ ಬೀಜಗಳು ಸಿಕ್ಕಿದ್ದವು. ಅವು ಸುಮಾರು 2000 ವರ್ಷ ಹಳೆಯವು. 2005ರಲ್ಲಿ ಅದರಲ್ಲೊಂದನ್ನು ನೆಟ್ಟರು, ಅದು ಮೊಳೆತು ಮರವಾಯಿತು. ಆದರೆ ಎಲ್ಲ ಬೀಜವೂ ಹೀಗಲ್ಲ. ಹಲಸಿನ ಬೀಜ, ಮಾವಿನ ಓಟೆ ಒಣಗಿಸಿ ಇಟ್ಟರೆ ಬೇಗ ಸಾಯುತ್ತವೆ. ಅಂದರೆ ಕಾರ್ಡಿನ ಮೇಲಿನ ಬೀಜದಲ್ಲಿ ಜೀವ ಇದೆಯಾ ಅಂತ ಕೇಳಿದರೆ ಸರಿಯಾದ ಉತ್ತರ ‘ನೆಟ್ಟು ನೋಡೋಣ’ ಅಂತಲೇ. ಹುರಿದ ಕಡಲೆ ಮತ್ತು ಹಸಿ ಕಡಲೆ ಎರಡನ್ನೂ ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಎರಡು ದಿನದಲ್ಲಿ ಯಾವುದರಲ್ಲಿ ಜೀವ ಇತ್ತು ಅಂತ ಮಕ್ಕಳೇ ಹೇಳುತ್ತಾರೆ.

ಮೊಟ್ಟೆ ಕಾರ್ಡಿನದ್ದು ಉಲ್ಟಾ ತಪ್ಪು. ಫೋಟೋದಲ್ಲಿ ಇರುವುದು ಅಂಗಡಿಯ ಟ್ರೇ ತುಂಬ ಬಿಳಿ ಮೊಟ್ಟೆ, ಉತ್ತರ ‘ಸಜೀವ, ಯಾಕೆಂದರೆ ಮರಿ ಬರುತ್ತದೆ’. ಫಾರಂ ಮೊಟ್ಟೆಯಿಂದ ಮರಿ ಬರುವುದಿಲ್ಲ. ಅಲ್ಲಿ ಹುಂಜಗಳನ್ನು ಕೋಳಿಗಳ ಜೊತೆ ಬಿಡುವುದೇ ಇಲ್ಲ. ಹುಂಜದ ಜೊತೆ ಇರುವ ನಾಟಿ ಕೋಳಿಯ ಮೊಟ್ಟೆ ಆದರೆ ಕಾವಿಗೆ ಕೂರಿಸಿದ 21 ದಿನಕ್ಕೆ ಮರಿ. ನಾಟಿ ಕೋಳಿ ಕಾವಿಗೆ ಕೂತ ಫೋಟೋ ಹಾಕಿದ್ದರೆ ಸಾಕಿತ್ತು.

ಸೌದೆ, ಮರದ ಕುರ್ಚಿ, ಚರ್ಮದ ಚಪ್ಪಲಿ, ಹತ್ತಿ ಬಟ್ಟೆ, ಶಂಖ, ಎಲ್ಲವನ್ನೂ ಕಲ್ಲಿನ ಜೊತೆ ‘ನಿರ್ಜೀವ’ ಹಾಸಿಗೆ ತಳ್ಳಿದ್ದಾರೆ. ತಪ್ಪು ಅಂತ ಹೇಳಲಾರೆ, ಅವುಗಳಲ್ಲಿ ಈಗ ಜೀವ ಇಲ್ಲ. ಆದರೆ ಕಲ್ಲಿನಲ್ಲಿ ಯಾವತ್ತೂ ಜೀವ ಇರಲಿಲ್ಲ, ಸೌದೆಯಲ್ಲಿ ಇತ್ತು. ಸೌದೆಯನ್ನು ಭೂತಗನ್ನಡಿಯಲ್ಲಿ ನೋಡಿದರೆ ನೀರು ಹರಿದ ಸಣ್ಣ ಸಣ್ಣ ಕೊಳವೆಗಳ ತೂತು ಕಾಣುತ್ತವೆ, ವರ್ಷ ವರ್ಷದ ಬಳೆಗಳು ಕಾಣುತ್ತವೆ. ಇದಕ್ಕೆ ‘ಒಂದು ಕಾಲಕ್ಕೆ ಜೀವ ಇದ್ದದ್ದು’ ಅಂತ ಮೂರನೇ ಹಾಸು ಬೇಕೇ ಬೇಕು. ನಾನು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದು ಮಾಡಿಕೊಂಡೆ. ಮೂರನೇ ಹಾಸು ಬಂದ ಮೇಲೆ ಮಕ್ಕಳ ಮಾತೇ ಬದಲಾಯಿತು. ಬೆಲ್ಲ ಎಲ್ಲಿಗೆ, ಕಾಗದ ಎಲ್ಲಿಗೆ, ಇದ್ದಿಲು ಎಲ್ಲಿಗೆ, ಪೆಟ್ರೋಲ್ ಎಲ್ಲಿಗೆ ಅಂತ ಜಗಳ ಶುರುವಾಯಿತು. ಒಬ್ಬ ತನ್ನ ಕೂದಲನ್ನೇ ಹಿಡಿದು ‘ಇದು?’ ಅಂದ. ಕೂದಲು, ಉಗುರು ಎರಡರ ಹೊರಗಿನ ಭಾಗವೂ ಸತ್ತ ಜೀವಕೋಶಗಳೇ, ಬುಡದಲ್ಲಿ ಮಾತ್ರ ಜೀವ. ಅದಕ್ಕೇ ಕತ್ತರಿಸಿದರೆ ನೋವಿಲ್ಲ, ಕಿತ್ತರೆ ನೋವು. ದೊಡ್ಡ ಮರದಲ್ಲೂ ಹಾಗೆಯೇ, ಒಳಗಿನ ಕೆಚ್ಚು ಸತ್ತಿರುತ್ತದೆ, ತೊಗಟೆಯ ಕೆಳಗಿನ ಪದರ ಬದುಕಿರುತ್ತದೆ. ಕೇತೋಹಳ್ಳಿಯ ದೊಡ್ಡ ಆಲದ ಮರದ ಮೂಲ ಕಾಂಡವೇ ರೋಗ ಬಂದು ಹೋಗಿದೆ. ಬಿಳಲುಗಳು ನೆಲಕ್ಕಿಳಿದು ಕಾಂಡಗಳಾಗಿ ಮರವನ್ನು ಉಳಿಸಿಕೊಂಡಿವೆ. ಒಂದೇ ಜೀವಿಯೊಳಗೆ ಸತ್ತದ್ದೂ ಬದುಕಿರುವುದೂ ಒಟ್ಟಿಗೆ ಇರುತ್ತದೆ ಅಂತ ಹೇಳಿಕೊಡಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಈಗ ಕೈಪಿಡಿಯ ಮೊದಲ ವಾಕ್ಯ: ‘ಸಜೀವಿಗಳು ಚಲಿಸುತ್ತವೆ, ನಿರ್ಜೀವಿಗಳು ಚಲಿಸುವುದಿಲ್ಲ.’ ದಯವಿಟ್ಟು ಇದನ್ನು ಬಾಯಿಪಾಠ ಮಾಡಿಸಬೇಡಿ. ಚಿಕ್ಕ ಮಕ್ಕಳು ಮೊದಲೇ ಹೀಗೆ ಯೋಚಿಸುತ್ತಾರೆ. ತಾನಾಗಿ ಅಲ್ಲಾಡಿದ್ದಕ್ಕೆಲ್ಲ ಜೀವ ಇದೆ, ಸೂರ್ಯನಿಗೂ ಮೋಡಕ್ಕೂ ನದಿಗೂ ಇದೆ ಅಂತ ಮಕ್ಕಳು ಹೇಳುವುದನ್ನು ಜೀನ್ ಪಿಯಾಜೆ ಹಿಂದಿನ ಶತಮಾನದಲ್ಲೇ ಬರೆದಿಟ್ಟಿದ್ದಾರೆ, ಡಿ.ಎಡ್., ಬಿ.ಎಡ್. ಓದಿದವರಿಗೆಲ್ಲ ಈ ಹೆಸರು ಗೊತ್ತು. ಆ ಅನಿಸಿಕೆಯನ್ನು ಮೆಲ್ಲಗೆ ಸರಿ ಮಾಡುವುದು ಪಾಠದ ಕೆಲಸ. ಈ ಕೈಪಿಡಿ ಅದಕ್ಕೇ ಮೊಹರು ಒತ್ತುತ್ತದೆ. ಪುಟ ತಿರುವಿದರೆ ‘ಗಿಡಗಳು ಚಲಿಸುವುದಿಲ್ಲ’ ಅಂತ ಬೇರೆ ಬರೆದಿದ್ದಾರೆ. ಹಾಗಾದರೆ ಗಿಡ ಯಾವ ಹಾಸಿಗೆ ಹೋಗಬೇಕು ಮಗು?

ಗಿಡ ಚಲಿಸುತ್ತದೆ. ಜಾಗ ಬಿಟ್ಟು ಓಡಾಡುವುದಿಲ್ಲ ಅಷ್ಟೆ. ನಮ್ಮ ಮನೆ ಹಿಂದಿನ ಖಾಲಿ ಸೈಟಿನಲ್ಲಿ ಮುಟ್ಟಿದರೆ ಮುನಿ ಬೇಕಾದಷ್ಟು ಬೆಳೆದಿದೆ. ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಬೆರಳು ತಾಗಿಸಿದ ಕೂಡಲೇ ಎಲೆ ಮಡಚಿಕೊಳ್ಳುತ್ತದೆ, ಬಿಟ್ಟು ಕೂತರೆ ಸ್ವಲ್ಪ ಹೊತ್ತಿನಲ್ಲಿ ಮತ್ತೆ ಬಿಚ್ಚಿಕೊಳ್ಳುತ್ತದೆ. ಎಲೆಯ ಬುಡದಲ್ಲಿ ಸಣ್ಣ ಉಬ್ಬು ಇದೆ, ಅದರ ಒಂದು ಬದಿಯ ಜೀವಕೋಶಗಳಿಂದ ನೀರು ಸರಕ್ಕನೆ ಹೊರಗೆ ಹೋಗುತ್ತದೆ, ಅದಕ್ಕೇ ಎಲೆ ಕುಸಿಯುತ್ತದೆ. ಸೂರ್ಯಕಾಂತಿಯ ಎಳೆ ಗಿಡ ಹಗಲಿಡೀ ಸೂರ್ಯನ ಕಡೆ ತಿರುಗುತ್ತದೆ. ಹುಣಸೆ ಎಲೆ ರಾತ್ರಿ ಮುಚ್ಚಿಕೊಳ್ಳುತ್ತದೆ. ಆ ಕಡೆ ಜೀವ ಇಲ್ಲದ ಕಾರು ರಸ್ತೆಯಲ್ಲಿ ಓಡುತ್ತದೆ, ಪೆಟ್ರೋಲ್ ಕುಡಿಯುತ್ತದೆ, ಹೊಗೆ ಬಿಡುತ್ತದೆ. ಚಲನೆ ಒಂದನ್ನೇ ಹಿಡಿದುಕೊಂಡರೆ ಎರಡೂ ಕಡೆ ತಪ್ಪುತ್ತದೆ.

‘ಗಿಡಗಳು ಹಗಲಿನಲ್ಲಿ ಇಂಗಾಲದ ಡೈಆಕ್ಸೈಡ್ ಉಸಿರಾಡುತ್ತವೆ, ರಾತ್ರಿ ಆಮ್ಲಜನಕ ಉಸಿರಾಡುತ್ತವೆ’ ಅನ್ನುವ ಸಾಲೂ ಇದೆ. ಇದೂ ತಪ್ಪು. ಗಿಡ ಹಗಲೂ ರಾತ್ರಿಯೂ ನಮ್ಮಂತೆಯೇ ಆಮ್ಲಜನಕ ಬಳಸಿ ಉಸಿರಾಡುತ್ತದೆ. ಹಗಲಿನಲ್ಲಿ ಬಿಸಿಲು ಬಳಸಿ ಊಟ ಮಾಡಿಕೊಳ್ಳುವ ಕೆಲಸವೂ ಜೊತೆಗೆ ನಡೆಯುತ್ತದೆ, ಅದಕ್ಕೆ ಇಂಗಾಲದ ಡೈಆಕ್ಸೈಡ್ ಬೇಕು. ಊಟ ಬೇರೆ, ಉಸಿರು ಬೇರೆ. ಅಣಬೆಯನ್ನು ‘ಹೂ ಬಿಡದ ಗಿಡ’ ಅಂದಿದ್ದಾರೆ. ಅಣಬೆ ಗಿಡವೇ ಅಲ್ಲ, ಬೂಷ್ಟಿನ ಬಳಗ. ಹವಳವನ್ನು ನಿರ್ಜೀವಕ್ಕೆ ಹಾಕಿದ್ದಾರೆ. ಉಂಗುರದಲ್ಲಿರುವ ಹವಳ ಆದರೆ ಸರಿ, ಫೋಟೋದಲ್ಲಿ ಇರುವುದು ಸಮುದ್ರದೊಳಗಿನ ಹವಳದ ದಿಬ್ಬ, ಅದರ ಮೇಲೆ ಸಾವಿರಾರು ಪುಟ್ಟ ಪ್ರಾಣಿಗಳು ಬದುಕಿವೆ.

ಜಗದೀಶ್ ಚಂದ್ರ ಬೋಸರ ಚಿತ್ರ ಹಾಕಿ ‘ಗಿಡಗಳಿಗೆ ಜೀವ ಇದೆ ಎಂದು ಕಂಡುಹಿಡಿದವರು’ ಅಂತ ಬರೆದಿರುವುದು ನನಗೆ ಬೇಸರ ತಂದಿತು. ಇದು ನಾವೆಲ್ಲ ಶಾಲೆಯಲ್ಲಿ ಕೇಳಿದ ಮಾತೇ. ಆದರೆ ಗಿಡಕ್ಕೆ ಜೀವ ಇದೆ ಅಂತ ಬಿತ್ತಿ ಬೆಳೆದ ಪ್ರತಿಯೊಬ್ಬರಿಗೂ ಅವರಿಗಿಂತ ಮೊದಲೇ ಗೊತ್ತಿತ್ತು. ಬೋಸರು ಮಾಡಿದ್ದು ಬೇರೆ, ಅದು ಇದಕ್ಕಿಂತ ದೊಡ್ಡದು. ಮುಟ್ಟಿದಾಗ, ಬಿಸಿ ತಾಗಿದಾಗ, ವಿಷ ಕೊಟ್ಟಾಗ ಗಿಡದೊಳಗೆ ಆಗುವ ವಿದ್ಯುತ್ತಿನ ಬದಲಾವಣೆಯನ್ನು ಅಳೆದು ತೋರಿಸಿದರು. ಗಿಡದ ಬೆಳವಣಿಗೆಯನ್ನು 10,000 ಪಟ್ಟು ಹಿಗ್ಗಿಸಿ ತೋರಿಸುವ ಕ್ರೆಸ್ಕೋಗ್ರಾಫ್ ಅನ್ನುವ ಯಂತ್ರ ಕಟ್ಟಿದರು, ಬರಿಗಣ್ಣಿಗೆ ಕಾಣದ ಬೆಳವಣಿಗೆ ಕಣ್ಣೆದುರೇ ನಡೆಯುವಂತೆ ಮಾಡಿದರು. ಮತ್ತೆ ಅವರು ಸುಮ್ಮನೆ ಗಿಡದಲ್ಲೇ ನಿಲ್ಲಲಿಲ್ಲ. 1900ರ ಆಸುಪಾಸಿನಲ್ಲಿ ಲೋಹದ ತಂತಿಗಳಿಗೂ ಅದೇ ಪರೀಕ್ಷೆ ಮಾಡಿದರು. ಲೋಹವೂ ‘ದಣಿದಂತೆ’, ಬಿಟ್ಟರೆ ‘ಸುಧಾರಿಸಿಕೊಂಡಂತೆ’ ಅವರ ಗೆರೆಗಳಲ್ಲಿ ಕಂಡಿತು. ಜೀವ ಇರುವುದಕ್ಕೂ ಇಲ್ಲದ್ದಕ್ಕೂ ನಡುವಿನ ಗೆರೆ ಎಲ್ಲಿ ಅಂತ ಅವರು ದೊಡ್ಡ ಸಭೆಗಳಲ್ಲಿ ಗಟ್ಟಿಯಾಗಿ ಕೇಳಿದರು. ಲೋಹಕ್ಕೆ ಜೀವ ಇದೆ ಅಂತ ಇವತ್ತು ಯಾವ ವಿಜ್ಞಾನಿಯೂ ಹೇಳುವುದಿಲ್ಲ. ಆದರೂ ಈ ಪೆಟ್ಟಿಗೆಯ ವಿಷಯವನ್ನೇ ತಲೆಗೆ ಹಚ್ಚಿಕೊಂಡು ಬದುಕಿದ ಮನುಷ್ಯನ ಬಗ್ಗೆ ಇಷ್ಟಾದರೂ ಬರೆಯಬಹುದಿತ್ತು.

ಇಷ್ಟೆಲ್ಲ ತಪ್ಪು ಎಣಿಸಿದ ಮೇಲೂ ಇದನ್ನು ಕೊಳ್ಳಿ ಅನ್ನುವುದಕ್ಕೆ ದೊಡ್ಡ ಕಾರಣ ಯೀಸ್ಟ್ ಪೊಟ್ಟಣ. ಮಕ್ಕಳಿಗೆ ಅದನ್ನು ತೋರಿಸಿ ಯಾವ ಹಾಸಿಗೆ ಅಂತ ಕೇಳಿದೆ. ಕಂದು ಬಣ್ಣದ ಪುಡಿ, ರವೆಗಿಂತ ಸ್ವಲ್ಪ ದಪ್ಪ. ಎಲ್ಲರೂ ನಿರ್ಜೀವ ಅಂದರು. ನೀರಿನ ಬಾಟಲಿಗೆ ಉಗುರು ಬೆಚ್ಚಗಿನ ನೀರು ಹಾಕಿ, ಒಂದು ಚಮಚ ಸಕ್ಕರೆ, ಒಂದು ಚಮಚ ಯೀಸ್ಟ್ ಹಾಕಿ ಅಲ್ಲಾಡಿಸಿ, ಬಾಯಿಗೆ ಬಲೂನು ಸಿಕ್ಕಿಸಬೇಕು. ಅಷ್ಟು ಹೊತ್ತಿಗೆ ಬೇರೆ ಲೆಕ್ಕ ಮಾಡಿಸುತ್ತಾ ಇರಿ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ನೊರೆ ಏರುತ್ತದೆ, ಬಲೂನು ನೆಟ್ಟಗೆ ನಿಲ್ಲಲು ಶುರುವಾಗುತ್ತದೆ. ಆಗ ಮಕ್ಕಳ ಮುಖ ನೋಡಬೇಕು.

ಕೈಪಿಡಿ ಇಲ್ಲಿಗೆ ನಿಲ್ಲಿಸಿ ‘ಗಾಳಿ ಬಂತು, ಆದ್ದರಿಂದ ಯೀಸ್ಟ್ ಸಜೀವ’ ಅನ್ನುತ್ತದೆ. ಅಷ್ಟಕ್ಕೇ ಬಿಡಬೇಡಿ. ಇನ್ನೊಂದು ಬಾಟಲಿಯಲ್ಲಿ ನಿಂಬೆರಸ ಹಾಕಿ, ಬಲೂನಿನೊಳಗೆ ಅಡುಗೆ ಸೋಡಾ ತುಂಬಿ ಸಿಕ್ಕಿಸಿ, ಸೋಡಾ ಕೆಳಗೆ ಬೀಳಿಸಿ. ಭುಸ್ಸೆಂದು ನೊರೆ ಬಂದು ಬಲೂನು ಯೀಸ್ಟಿಗಿಂತ ಬೇಗ ಉಬ್ಬುತ್ತದೆ. ಎರಡರಲ್ಲೂ ಬರುವುದು ಅದೇ ಇಂಗಾಲದ ಡೈಆಕ್ಸೈಡ್. ಹಾಗಾದರೆ ಸೋಡಾಕ್ಕೂ ಜೀವ ಇದೆಯಾ? ನಮ್ಮ ಮಕ್ಕಳು ಇದರ ಮೇಲೆ ಒಂದು ಸಂಜೆ ಪೂರ್ತಿ ವಾದ ಮಾಡಿದರು. ಕೊನೆಗೆ ಅವರೇ ಕಂಡುಕೊಂಡರು: ಸೋಡಾ ಒಂದು ಸಲ ಭುಸ್ ಅಂದು ಮುಗಿಯಿತು, ಯೀಸ್ಟ್ ಮುಗಿಯಲಿಲ್ಲ. ಸೋಡಾ ಖರ್ಚಾಯಿತು. ಯೀಸ್ಟ್ ಖರ್ಚಾಗಲಿಲ್ಲ, ಸಕ್ಕರೆ ಖರ್ಚಾಯಿತು. ಮತ್ತೆ ಒಂದು ಚಮಚ ಸಕ್ಕರೆ ಕೊಟ್ಟರೆ ಮತ್ತೆ ಗುಳ್ಳೆ. ಮೂರನೇ ಬಾಟಲಿಯಲ್ಲಿ ಕುದಿಯುವ ನೀರಿಗೆ ಯೀಸ್ಟ್ ಹಾಕಿ, ಆರಿಸಿ, ಆಮೇಲೆ ಸಕ್ಕರೆ ಕೊಟ್ಟೆವು. ಒಂದು ಗುಳ್ಳೆಯೂ ಬರಲಿಲ್ಲ. ‘ಸತ್ತೋಯ್ತು ಮಿಸ್’ ಅಂತ ಎರಡನೇ ಕ್ಲಾಸಿನವನು ನಿಜವಾಗಲೂ ಬೇಜಾರಿನಲ್ಲಿ ಹೇಳಿದ. ಕುದಿ ನೀರಿನ ಕೆಲಸ ದೊಡ್ಡವರೇ ಮಾಡಿ.

ಇದು ಮಕ್ಕಳಾಟದ ಪ್ರಶ್ನೆ ಅಂತ ಅಂದುಕೊಳ್ಳಬೇಡಿ. 1976ರಲ್ಲಿ ನಾಸಾದ ಎರಡು ವೈಕಿಂಗ್ ನೌಕೆಗಳು ಮಂಗಳ ಗ್ರಹದಲ್ಲಿ ಇಳಿದು ಹೆಚ್ಚೂ ಕಡಿಮೆ ಇದೇ ಪರೀಕ್ಷೆ ಮಾಡಿದವು. ಅಲ್ಲಿನ ಮಣ್ಣಿಗೆ ಪೋಷಕಾಂಶ ಇರುವ ನೀರಿನ ಹನಿ ಹಾಕಿ, ಅನಿಲ ಬರುತ್ತದಾ ಅಂತ ಕಾದವು. ಬಂತು! ಮಣ್ಣನ್ನು ಮೊದಲು ಚೆನ್ನಾಗಿ ಕಾಯಿಸಿ ನೋಡಿದಾಗ ಬರಲಿಲ್ಲ, ನಮ್ಮ ಕುದಿ ನೀರಿನ ಬಾಟಲಿಯ ಹಾಗೆಯೇ. ಆದರೆ ಎರಡನೇ ಸಲ ಹನಿ ಹಾಕಿದಾಗ ಅನಿಲ ಮತ್ತೆ ಏರಲಿಲ್ಲ. ಅದೇ ನೌಕೆಯ ಇನ್ನೊಂದು ಉಪಕರಣಕ್ಕೆ ಮಣ್ಣಿನಲ್ಲಿ ಜೀವದ ಕಚ್ಚಾ ವಸ್ತುಗಳೇ ಸಿಗಲಿಲ್ಲ. ಹೆಚ್ಚಿನ ವಿಜ್ಞಾನಿಗಳು ಇದು ಜೀವ ಅಲ್ಲ, ಮಣ್ಣಿನ ರಸಾಯನ ಅಂತ ತೀರ್ಮಾನಿಸಿದರು. 2008ರಲ್ಲಿ ಫೀನಿಕ್ಸ್ ನೌಕೆ ಅಲ್ಲಿನ ಮಣ್ಣಿನಲ್ಲಿ ಪರ್‌ಕ್ಲೋರೇಟ್ ಅನ್ನುವ ತೀಕ್ಷ್ಣ ಲವಣ ಇರುವುದನ್ನು ಕಂಡಿತು, ಆ ವಾದಕ್ಕೆ ಬಲ ಬಂತು. ಆ ಪ್ರಯೋಗ ರೂಪಿಸಿದ ಗಿಲ್ಬರ್ಟ್ ಲೆವಿನ್ ಮಾತ್ರ ಅಲ್ಲಿ ಜೀವ ಇದ್ದಿರಬೇಕು ಅಂತ ಕೊನೆಯವರೆಗೂ ಹೇಳುತ್ತಲೇ ಇದ್ದರು, ಅವರು ತೀರಿಕೊಂಡದ್ದು 2021ರಲ್ಲಿ. ಐದನೇ ಕ್ಲಾಸಿನವರಿಗೆ ಈ ಕಥೆ ಹೇಳಿದಾಗ ಒಬ್ಬಳು ‘ಅವರು ಎರಡನೇ ಚಮಚ ಸಕ್ಕರೆ ಕೊಟ್ಟು ನೋಡಿದ್ರು’ ಅಂದಳು. ಪಾಠ ಅವಳಿಗೆ ಎಲ್ಲಿ ಮುಟ್ಟಬೇಕಿತ್ತೋ ಅಲ್ಲಿ ಮುಟ್ಟಿತ್ತು.

ಯೀಸ್ಟ್ ಸಿಗದಿದ್ದರೆ ಹೆಪ್ಪು ಇದೆಯಲ್ಲ. ಕಾದ ಹಾಲಿಗೆ ಹೆಪ್ಪು ಹಾಕಿದರೆ ಮೊಸರಾಗುವುದಿಲ್ಲ, ಬೆಚ್ಚಗಿದ್ದಾಗ ಹಾಕಬೇಕು, ತೀರಾ ತಣ್ಣಗಿದ್ದರೂ ಆಗದು. ಇಡ್ಲಿ ಹಿಟ್ಟು ಚಳಿಗಾಲದಲ್ಲಿ ತಡವಾಗಿ ಉಬ್ಬುತ್ತದೆ. ಹಿಟ್ಟಿನಲ್ಲಿ, ಮೊಸರಿನಲ್ಲಿ ಕೆಲಸ ಮಾಡುತ್ತಿರುವುದು ಬದುಕಿರುವ ಬ್ಯಾಕ್ಟೀರಿಯಾ. ಮಸಾಲೆ ಡಬ್ಬಿಯಲ್ಲಿರುವ ಕಲ್ಲುಹೂವನ್ನು ಭೂತಗನ್ನಡಿಯಲ್ಲಿ ತೋರಿಸಿ. ಅದು ಒಂದು ಜೀವಿಯೂ ಅಲ್ಲ, ಬೂಷ್ಟು ಮತ್ತು ಪಾಚಿ ಜೊತೆಯಾಗಿ ಬದುಕಿದ್ದು. ಒಂದು ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯುವ ಜಾತಿಗಳಿವೆ.

ಬೆಳೆಯುವುದು ಅಂದಾಗ ನೆನಪಾಯಿತು. ‘ಸಜೀವಿಗಳು ಬೆಳೆಯುತ್ತವೆ’ ಅನ್ನುವ ಸಾಲಿಗೂ ಒಂದು ತಿದ್ದುಪಡಿ ಬೇಕು. ಸಕ್ಕರೆ ಪಾಕದಲ್ಲಿ ದಾರ ಇಳಿಬಿಟ್ಟರೆ ಕಲ್ಲುಸಕ್ಕರೆ ಬೆಳೆಯುತ್ತದೆ. ಹುತ್ತ ಮಳೆಗಾಲ ಕಳೆದ ಮೇಲೆ ಎತ್ತರ ಆಗಿರುತ್ತದೆ. ಆದರೆ ಹರಳು ಬೆಳೆಯುವುದು ಹೊರಗಿನಿಂದ ಪದರ ಪದರವಾಗಿ ಅಂಟಿಕೊಂಡು, ಹುತ್ತ ಬೆಳೆಯುವುದು ಗೆದ್ದಲು ಮಣ್ಣು ತಂದು ಮೆತ್ತುವುದರಿಂದ. ಜೀವಿ ಒಳಗಿನಿಂದ ಬೆಳೆಯುತ್ತದೆ, ತಿಂದದ್ದನ್ನು ತನ್ನ ಮೈಯಾಗಿ ಮಾಡಿಕೊಳ್ಳುತ್ತದೆ. ದೀಪದ ಜ್ವಾಲೆ ಎಣ್ಣೆ ತಿನ್ನುತ್ತದೆ, ಗಾಳಿ ಬೇಕು ಅನ್ನುತ್ತದೆ, ಒಂದರಿಂದ ಇನ್ನೊಂದು ಹೊತ್ತಿಕೊಳ್ಳುತ್ತದೆ. ಆದರೆ ಅದಕ್ಕೆ ಜೀವಕೋಶ ಇಲ್ಲ, ಅಪ್ಪ ಅಮ್ಮನಿಂದ ಮಕ್ಕಳಿಗೆ ದಾಟುವ ಗುಣ ಇಲ್ಲ. ಹೇಸರಗತ್ತೆ ಮರಿ ಹಾಕುವುದಿಲ್ಲ, ಆದರೂ ಬದುಕಿದೆ. ಹೀಗೆ ಯಾವ ಒಂದು ಗುಣವೂ ಒಂಟಿಯಾಗಿ ಸಾಕಾಗುವುದಿಲ್ಲ, ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಬೇಕು ಅಂತ ಕೈಪಿಡಿಯಲ್ಲಿ ಒಂದು ಸಾಲು ಸಾಕಿತ್ತು.

ವೈರಸ್ ಕಾರ್ಡೇ ಇಲ್ಲ. ಕೋವಿಡ್ ಕಂಡ ಮಕ್ಕಳು ಕೇಳದೇ ಬಿಡುವುದಿಲ್ಲ, ಸಿದ್ಧವಾಗಿರಿ. ತಂಬಾಕಿನ ಎಲೆಗೆ ರೋಗ ತರುವ ವೈರಸ್ಸನ್ನು ವೆಂಡೆಲ್ ಸ್ಟ್ಯಾನ್ಲಿ 1935ರಲ್ಲಿ ಉಪ್ಪಿನ ಹಾಗೆ ಹರಳು ಮಾಡಿ ಬಾಟಲಿಯಲ್ಲಿ ಇಟ್ಟರು. ಆ ಹರಳನ್ನು ಮತ್ತೆ ಎಲೆಗೆ ಸವರಿದರೆ ರೋಗ ಬಂತು. 1946ರಲ್ಲಿ ಅವರಿಗೆ ನೊಬೆಲ್ ಸಿಕ್ಕಿತು. ಬಾಟಲಿಯಲ್ಲಿ ಸುಮ್ಮನೆ ಪುಡಿ, ಜೀವಕೋಶದೊಳಗೆ ಹೋದರೆ ಸಾವಿರವಾಗುತ್ತದೆ. ಹುಣಸೂರು, ಪಿರಿಯಾಪಟ್ಟಣದ ಕಡೆ ತಂಬಾಕು ಬೆಳೆಯುವ ಮನೆಯ ಮಕ್ಕಳಿಗೆ ಈ ರೋಗದ ಎಲೆ ತೋರಿಸುವುದು ಕಷ್ಟ ಏನಲ್ಲ. ಇದಕ್ಕೆ ಎರಡೂ ಹಾಸಿನ ನಡುವೆ ಜಾಗ ಬಿಟ್ಟು ಇಡಿ.

ಬೆಂಗಳೂರಿನವರಿಗೆ ಇನ್ನೊಂದು ಮಾತು. ಕಾರ್ಡು ಆಡಿದ ಮೇಲೆ ಮಕ್ಕಳನ್ನು ಲಾಲ್‌ಬಾಗಿಗೆ ಕರೆದುಕೊಂಡು ಹೋಗಿ. ಅಲ್ಲಿನ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು, ಯಾವತ್ತೂ ಜೀವ ಇರಲಿಲ್ಲ. ಅದೇ ತೋಟದಲ್ಲಿ ಕಲ್ಲಾಗಿರುವ ಮರದ ತುಂಡೊಂದಿದೆ, ತಮಿಳುನಾಡಿನ ತಿರುವಕ್ಕರೈಯಿಂದ ಬಂದದ್ದು, ಸುಮಾರು 2 ಕೋಟಿ ವರ್ಷದ್ದು. ನೋಡಿದರೆ ಮರ, ಮುಟ್ಟಿದರೆ ಕಲ್ಲು. ಪಕ್ಕದಲ್ಲೇ ದೊಡ್ಡ ಬೂರುಗದ ಮರ ಎಲೆ ಅಲ್ಲಾಡಿಸುತ್ತಾ ನಿಂತಿದೆ. ಮೂರೂ ಹಾಸಿಗೆ ಒಂದೊಂದು ಸಿಕ್ಕಿತಲ್ಲ. ಬಂಡೆಯ ಮೇಲೆ ಅಂಟಿರುವ ಬೂದಿ ಬಣ್ಣದ ಕಲ್ಲುಹೂವನ್ನೂ ತೋರಿಸಿ.

ಭೂತಗನ್ನಡಿ ಸಾಧಾರಣ, ಅಂಚಿನಲ್ಲಿ ಚಿತ್ರ ಬಾಗುತ್ತದೆ. ಇನ್ನೊಂದಿಷ್ಟು ದುಡ್ಡು ಹಾಕುವ ಮನಸ್ಸಿದ್ದರೆ ಮನು ಪ್ರಕಾಶ್ ಮತ್ತು ಅವರ ಜೊತೆಗಾರರು ಸ್ಟ್ಯಾನ್‌ಫೋರ್ಡಿನಲ್ಲಿ ರೂಪಿಸಿದ ಕಾಗದದ ಸೂಕ್ಷ್ಮದರ್ಶಕ ಫೋಲ್ಡ್‌ಸ್ಕೋಪ್ ತರಿಸಿ. ಮಡಚಿ ಜೋಡಿಸುವುದೇ ಒಂದು ಆಟ. 140 ಪಟ್ಟು ದೊಡ್ಡದಾಗಿ ತೋರಿಸುತ್ತದೆ. ಹೂದಾನಿಯ ಹಳೆಯ ನೀರಿನ ಒಂದು ಹನಿ ಇಟ್ಟರೆ ಅದರಲ್ಲಿ ಈಜಾಡುವವರನ್ನು ನೋಡಿ ಮಕ್ಕಳು ಕಣ್ಣು ತೆಗೆಯುವುದಿಲ್ಲ.

ಯಾರು ಕೊಳ್ಳಬೇಕು? ಮನೆಯಲ್ಲಿ ಕೂತು ಮಕ್ಕಳ ಜೊತೆ ಮಾತಾಡಲು ಸಮಯ ಇರುವವರು, ನಲಿ–ಕಲಿ ಶಾಲೆಯ ಶಿಕ್ಷಕರು, ನನ್ನ ಹಾಗೆ ಮನೆಪಾಠ ಹೇಳುವವರು. ಮಗುವಿನ ಕೈಗೆ ಕೊಟ್ಟು ತನ್ನಷ್ಟಕ್ಕೆ ಆಡಿಕೊಳ್ಳಲಿ ಅನ್ನುವವರಿಗೆ ಇದು ಬೇಡ, ತಪ್ಪು ಕಲಿಯುತ್ತದೆ. ಐದಕ್ಕೆ ಮೂರು ಅಂಕ ಕೊಡುತ್ತೇನೆ. ಉತ್ತರ ಪಟ್ಟಿಯ ತಪ್ಪುಗಳನ್ನೆಲ್ಲ ಬರೆದು ಕಂಪನಿಗೆ ಪತ್ರ ಹಾಕಿದ್ದೇನೆ, ಇದುವರೆಗೆ ಉತ್ತರ ಬಂದಿಲ್ಲ. ಮುಂದಿನ ಮುದ್ರಣದಲ್ಲಿ ಮೂರನೇ ಹಾಸು ಸೇರಿಸಿ ಪಟ್ಟಿ ತಿದ್ದಿದರೆ ಇನ್ನೂ ಎರಡು ಪೆಟ್ಟಿಗೆ ಕೊಂಡು ಪಕ್ಕದ ಸರ್ಕಾರಿ ಶಾಲೆಗೆ ಕೊಡುತ್ತೇನೆ.

ಅಂಗಡಿಯಲ್ಲಿ ಕೊಳ್ಳುವಾಗ ಪೆಟ್ಟಿಗೆ ತೆಗೆಸಿ ಯೀಸ್ಟ್ ಪೊಟ್ಟಣದ ಮೇಲಿನ ದಿನಾಂಕ ನೋಡಿ. ತುಂಬಾ ಹಳೆಯದಾದರೆ ಗುಳ್ಳೆ ಬರುವುದಿಲ್ಲ, ಮಕ್ಕಳಿಗೆ ನಿರಾಸೆ. ಬೇಕರಿ ಸಾಮಾನು ಮಾರುವ ಅಂಗಡಿಯಲ್ಲಿ ಹೊಸ ಪೊಟ್ಟಣ ಸಿಗುತ್ತದೆ. ಬಲೂನು ಎರಡೇ ಕೊಟ್ಟಿದ್ದಾರೆ, ನಿಮಗೆ ಮೂರು ಬೇಕು.